ಎಡಗಡೆಯ ಹದಿನಾರು ಇಂಚು

ಈ ವರ್ಷದ ನನ್ನ ದಿನಚರಿಯಲ್ಲಿ ಜೂನ್ ತಿಂಗಳಿಗೆ ಮೂವತ್ತು ಪುಟಗಳಿವೆ. ಅದರಲ್ಲಿ ಹನ್ನೊಂದು ಪುಟ ಕಾರಿನ ವೈಪರ್‌ಗೆ ಹೋಗಿವೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಅದೇ ತಿಂಗಳು ನನ್ನ ಆಪ್ತ ಗೆಳತಿಯೊಬ್ಬಳ ಮದುವೆಯಾಯಿತು. ಅವಳಿಗೆ ಸಿಕ್ಕಿದ್ದು ಒಂದು ಪುಟ. ನನಗೆ ಮೂರು ದಿನ ಜ್ವರ ಬಂದಿತ್ತು. ಅದಕ್ಕೆ ಎರಡು ಸಾಲು. ಗಾಜಿನ ಮೇಲೆ ಅತ್ತಿತ್ತ ಆಡುವ ಎರಡು ರಬ್ಬರಿನ ಪಟ್ಟಿಗಳ ಬಗ್ಗೆ ಹನ್ನೊಂದು ಪುಟ ಬರೆಯುವಂಥದ್ದು ಏನಿರುತ್ತದೆ ಎಂದು ನೀವು ಕೇಳಬಹುದು. ಮೇ ತಿಂಗಳಲ್ಲಿ ಕೇಳಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ನನ್ನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ನಾನು ಹೊಸನಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮನೆ ಸಾಗರದಲ್ಲಿ. ದಿನವಿಡೀ ಪುಸ್ತಕಗಳ ಬೆನ್ನಿಗೆ ಸಂಖ್ಯೆ ಅಂಟಿಸುವವಳಿಗೆ ಸಂಜೆ ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ದಾರಿಯಲ್ಲಿ ಎಷ್ಟು ದನ ಅಡ್ಡ ಬಂದವು, ಎಷ್ಟು ಸಲ ಹಾರ್ನ್ ಮಾಡಿದೆ, ಈ ವರ್ಷದ ಮೊದಲ ಗುಡುಗು ಯಾವತ್ತು, ಎಲ್ಲವನ್ನೂ ಬರೆದಿಡುತ್ತೇನೆ. "ಇವ್ಳು ದೋಸೆ ತಿನ್ನೋ ಮೊದ್ಲು ಅದ್ರ ತೂತು ಎಣಿಸ್ತಾಳೆ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಸುಳ್ಳು. ಒಮ್ಮೆ ಮಾತ್ರ ಎಣಿಸಿದ್ದೆ, ಅದೂ ಕಾವಲಿ ಹೊಸದು ಬಂದಾಗ.

ಇನ್ನು ಅಪ್ಪ. ಅಪ್ಪ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಸಾಗರದಿಂದ ಹೊರಟು ಬಟ್ಟೆಮಲ್ಲಪ್ಪ, ಹೊಸನಗರ, ಕೋಣಂದೂರು ಎಂದು ಸುತ್ತಿ ತೀರ್ಥಹಳ್ಳಿ ಮುಟ್ಟಿ, ಅದೇ ದಾರಿಯಲ್ಲಿ ತಿರುಗಿ ಬರುವ ಖಾಸಗಿ ಬಸ್ಸು. ಆ ರಸ್ತೆಯ ಒಂದೊಂದು ತಿರುವೂ ಅವನಿಗೆ ಮನೆಯ ಮೆಟ್ಟಿಲಿನಷ್ಟು ಪರಿಚಯ. ಹೋದ ಚಳಿಗಾಲದಲ್ಲಿ ಅವನ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಿನದ್ದು ಬಾಕಿ ಇದೆ. ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ ಎಂದು ವೈದ್ಯರು ಹೇಳಿದರು. ಅಪ್ಪ ತಕರಾರು ಮಾಡಲಿಲ್ಲ. ಕೀಲಿಕೈಯನ್ನು ಮೊಳೆಗೆ ತೂಗುಹಾಕಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತ. ಹೀಗೆ ನಮ್ಮ ಹಳೆಯ ಸಣ್ಣ ಕಾರಿನ ಬಲಗಡೆಗೆ ನಾನು ಬಂದೆ. ಅಪ್ಪ ಬದುಕಿನಲ್ಲಿ ಮೊದಲ ಬಾರಿಗೆ ಎಡಗಡೆಗೆ ಹೋದ.

ಆಗ ಒಂದು ವಿಚಿತ್ರ ಗೊತ್ತಾಯಿತು. ಸಾವಿರಾರು ಜನರನ್ನು ಆ ತಿರುವುಗಳಲ್ಲಿ ಹೊತ್ತು ತಿರುಗಿದ ಮನುಷ್ಯನಿಗೆ ತಾನು ಓಡಿಸದ ವಾಹನದಲ್ಲಿ ಕೂತರೆ ತಲೆ ಸುತ್ತುತ್ತದೆ. ಹೊಟ್ಟೆ ತೊಳೆಸುತ್ತದೆ. ಇಪ್ಪತ್ತಾರು ವರ್ಷ ಹಿಂದಿನ ಸೀಟಿನ ಹೆಂಗಸರಿಗೆ ನಿಂಬೆಹಣ್ಣು ದಾಟಿಸುತ್ತಿದ್ದವನು ಈಗ ತಾನೇ ನಿಂಬೆಹಣ್ಣು ಹಿಡಿದುಕೊಂಡು ಕೂರಬೇಕಾಯಿತು. ಬಿಸಿಲಿನ ದಿನಗಳಲ್ಲಿ ಹೇಗೋ ನಡೆಯುತ್ತಿತ್ತು. ರಸ್ತೆ ಕಂಡರೆ ತಿರುವು ಬರುವ ಮೊದಲೇ ಅವನ ಮೈ ಅದಕ್ಕೆ ತಯಾರಾಗುತ್ತಿತ್ತು. ಕಾಲು ಚಾಪೆಯ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಳೆ ಶುರುವಾಗಿ ಎಡಗಡೆ ಗಾಜು ಮಸುಕಾದದ್ದೇ, ಮೂರನೇ ತಿರುವಿಗೆ "ನಿಲ್ಸು" ಎಂದು ಇಳಿದು ಚರಂಡಿಯ ಪಕ್ಕ ಕೂತುಬಿಟ್ಟ. ತಾರೀಕು ಜೂನ್ ಏಳು. ವೈಪರಿನ ಮೊದಲ ಪುಟ ಅದೇ.

ಇದರಿಂದ ಮುಳುಗುವಂಥದ್ದು ಏನೂ ಇರಲಿಲ್ಲ, ಒಂದು ಊಟವನ್ನು ಬಿಟ್ಟು. ಆದರೆ ಆ ಊಟ ಸಾಮಾನ್ಯದ್ದಲ್ಲ. ಅಪ್ಪನ ಬಸ್ಸಿಗೆ ಕೊನೆಯವರೆಗೂ ಕಂಡಕ್ಟರ್ ಆಗಿದ್ದವರು ತೀರ್ಥಹಳ್ಳಿಯ ಚೌಡಪ್ಪ ಮಾವ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದ ಮೇಲಿನ ಮೊದಲ ಭಾನುವಾರ ಅವರ ಮನೆಯಲ್ಲಿ ಎಳೆಬಿದಿರಿನ ಕಳಲೆ ಪಲ್ಯ, ಕಡುಬು. ಬಸ್ಸು ಓಡುತ್ತಿದ್ದಾಗ ಶುರುವಾದ ಈ ಪದ್ಧತಿ ಇಬ್ಬರೂ ಕೆಲಸ ಬಿಟ್ಟ ಮೇಲೂ ಒಂದು ವರ್ಷವೂ ತಪ್ಪಿಲ್ಲ. ಈ ವರ್ಷ ಮಾವನಿಗೆ ಮಂಡಿ ನೋವು, ಮನೆ ಬಿಟ್ಟು ಬರುವ ಹಾಗಿಲ್ಲ. ಅಪ್ಪ ಹೋಗಬೇಕು. ಬಸ್ಸಿನಲ್ಲಿ ಹೋಗಬಹುದಲ್ಲ ಎಂದರೆ, ಅಲ್ಲಿ ಅವನಿಗೆ ಇನ್ನೂ ಬೇಗ ತಲೆ ಸುತ್ತುತ್ತದೆ. ಬಸ್ಸು ಹೊಡೆಯುವವನ ಗೇರು ಬದಲಾವಣೆ ಸರಿಯಿಲ್ಲದಿದ್ದರೆ ಇನ್ನೂ ಮೊದಲೇ.

"ಎಡಗಡೆ ಗಾಜಲ್ಲಿ ಸಮಾ ಕಂಡ್ರೆ ಬರ್ತೀನಿ" ಎಂದ ಅಪ್ಪ. "ಇಲ್ದಿದ್ರೆ ಈ ವರ್ಷ ಅವ್ರೇ ತಿನ್ಲಿ."

ಅಂದರೆ ಆ ಊಟ ನಡೆಯುವುದು ಬಿಡುವುದು ಎಡಗಡೆಯ ವೈಪರಿನ ಮೇಲೆ ನಿಂತಿತು. ನನಗೆ ಒಳಗೊಳಗೇ ಖುಷಿಯಾಯಿತು. ಅಳೆದು ಸರಿಪಡಿಸಬಹುದಾದ ಕಷ್ಟ ಬಂದರೆ ನನಗೆ ಹಬ್ಬ.

ಹಳೆಯ ವೈಪರಿನ ರಬ್ಬರು ಒಣಗಿದ ಹಲಸಿನ ಹಪ್ಪಳದಂತೆ ಗಡುಸಾಗಿತ್ತು. ಕಿತ್ತು ತೆಗೆದು, ಅಮ್ಮನ ಹೊಲಿಗೆಯ ಟೇಪಿನಿಂದ ಎರಡೆರಡು ಸಲ ಅಳೆದೆ. ಬಲಗಡೆಯದು ಇಪ್ಪತ್ತು ಇಂಚು, ಎಡಗಡೆಯದು ಹದಿನೆಂಟು. ಚೀಟಿಯಲ್ಲಿ ಬರೆದುಕೊಂಡು, ಅಪ್ಪನನ್ನೂ ಕರೆದುಕೊಂಡು ಬಿ.ಎಚ್. ರಸ್ತೆಯ ಸ್ಪೇರ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಚೀಟಿ ನೋಡಲಿಲ್ಲ. ಯಾವ ಗಾಡಿ, ಯಾವ ವರ್ಷದ್ದು ಎಂದಷ್ಟೇ ಕೇಳಿದರು.

"ಹಂಗಾರೆ ಬಲಕ್ಕೆ ಇಪ್ಪತ್ತೆರಡು, ಎಡಕ್ಕೆ ಹದಿನಾರು."

"ಆದ್ರೆ ಅದ್ರಲ್ಲಿ ಇದ್ದಿದ್ದು ಇಪ್ಪತ್ತು, ಹದಿನೆಂಟು" ಎಂದೆ.

"ನಿಮಗಿಂತ ಮೊದ್ಲು ಗಾಡಿ ಇಟ್ಕಂಡಿದ್ದೋರು ಕೈಗೆ ಸಿಕ್ಕಿದ್ದು ಹಾಕಿರ್ತಾರೆ ಮೇಡಂ. ಹಳೇದನ್ನ ಅಳೆದ್ರೆ ಹಳೇ ತಪ್ಪಿನ ಅಳತೆ ಸಿಗುತ್ತೆ ಅಷ್ಟೇ."

ಈ ಮಾತನ್ನು ನಾನು ಆಮೇಲೆ ಗ್ರಂಥಾಲಯದ ಮೇಜಿನ ಗಾಜಿನ ಕೆಳಗೆ ಬರೆದಿಟ್ಟುಕೊಂಡೆ. ಆ ಕ್ಷಣದಲ್ಲಿ ಮಾತ್ರ ಮನಸ್ಸು ಕೂಡುವ ಲೆಕ್ಕಕ್ಕೆ ಹೋಗಿತ್ತು: ಇಪ್ಪತ್ತು, ಹದಿನೆಂಟು ಕೂಡಿದರೆ ಮೂವತ್ತೆಂಟು; ಇಪ್ಪತ್ತೆರಡು, ಹದಿನಾರು ಕೂಡಿದರೂ ಮೂವತ್ತೆಂಟು. ಮೊತ್ತ ಒಂದೇ ಆದ್ದರಿಂದ ಇಬ್ಬರೂ ಸರಿಯೇ ಎಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅಪ್ಪ ಮುಂದೆ ಬಂದ.

"ಎಡಕ್ಕೂ ಇಪ್ಪತ್ತೆರಡೇ ಕೊಡಿ."

"ಅದು ಕೂರಲ್ಲ ಯಜಮಾನ್ರೇ."

"ಯಾಕೆ ಕೂರಲ್ಲ? ಕೊಕ್ಕೆ ಎರಡ್ಕೂ ಒಂದೇ ಅಲ್ವ? ನಮ್ಮ ಬಸ್ಸಲ್ಲಿ ಎರಡು ಗಾಜು, ಎರಡು ವೈಪರು, ಎರಡೂ ಒಂದೇ ಉದ್ದ. ಎಡಗಡೆ ಕೂತೋನು ಮನುಷ್ಯ ಅಲ್ವ?"

"ಕಂಪನಿಯೋರು ಹದಿನಾರು ಅಂದಾರೆ."

"ಕಂಪನಿಯೋರು ಮೇಗರವಳ್ಳಿ ಕಡೆ ಮಳೆಗಾಲ್ದಲ್ಲಿ ಬಂದಿದ್ರ?"

"ಅವ್ರು ಬಂದಿಲ್ಲ. ನಾನು ವಾರಕ್ಕೊಂದ್ಸಲ ಹೋಗ್ತೀನಿ. ಆದ್ರೂ ಹದಿನಾರೇ ಹಾಕ್ಕಂಡು ಹೋಗ್ತೀನಿ" ಎಂದು ಅಂಗಡಿಯವರು ನಕ್ಕರು. ನಕ್ಕುಕೊಂಡೇ ಇಪ್ಪತ್ತೆರಡರದ್ದು ಎರಡು ತೆಗೆದುಕೊಟ್ಟರು. "ರಬ್ಬರಿನ ಮೇಲಿನ ಪ್ಲಾಸ್ಟಿಕ್ ಪಟ್ಟಿ ಬಿಸಾಡ್ಬೇಡಿ. ವಾಪಸ್ ತರ್ತೀರಲ್ಲ, ಆಗ ಬೇಕಾಗುತ್ತೆ."

ಮನೆಯಂಗಳದಲ್ಲಿ ಎರಡನ್ನೂ ಸಿಕ್ಕಿಸಿದೆ. ಕಾರಿಗೆ ದೊಡ್ಡ ಮೀಸೆ ಬಂದಂತೆ ಕಂಡಿತು. ಅಪ್ಪ ಎಡಗಡೆ ಕೂತ. ಅಮ್ಮ ಬಾಗಿಲಲ್ಲಿ ನಿಂತಳು. ನಾನು ಸ್ಟೀರಿಂಗಿನ ಪಕ್ಕದ ಸಣ್ಣ ಕಡ್ಡಿ ತಿರುಗಿಸಿದೆ. ಎರಡೂ ಒಮ್ಮೆ ಗಂಭೀರವಾಗಿ ಮೇಲೆದ್ದವು. ಇಳಿಯುವಾಗ ಬಲಗಡೆಯದರ ತುದಿ ಎಡಗಡೆಯದರ ಬುಡದ ಅಡಿಗೆ ನುಗ್ಗಿತು. ಒಂದರೊಳಗೊಂದು ಸಿಕ್ಕಿಕೊಂಡು, ಹಗ್ಗ ತೊಡರಿದ ಎರಡು ಕರುಗಳ ಹಾಗೆ ಎಳೆದಾಡತೊಡಗಿದವು. ಬಾನೆಟ್ಟಿನ ಒಳಗಿನಿಂದ ಮೋಟರು ನರಳಿತು.

"ಆಫ್ ಮಾಡು ಮಾರಾಯ್ತಿ, ಆಫ್ ಮಾಡು" ಎಂದ ಅಪ್ಪ.

"ಅಂಗ್ಡಿಯೋರು ಹೇಳಿದ್ರಂತಲ್ಲ" ಎಂದಳು ಅಮ್ಮ ಬಾಗಿಲಿನಿಂದ, ಯಾರನ್ನೂ ನೋಡದೆ.

ನನ್ನ ತಪ್ಪು ಎಲ್ಲಿ ಎಂದು ಅಂದೇ ಕೂತು ಚಿತ್ರ ಬರೆದು ಕಂಡುಹಿಡಿದೆ. ವೈಪರಿನ ಕೈಗೆ ಸಿಕ್ಕಿಸುವ ಕೊಕ್ಕೆ ಇರುವುದು ಪಟ್ಟಿಯ ನಡುವೆ. ಆರು ಇಂಚು ಹೆಚ್ಚಾದರೆ ಆ ಹೆಚ್ಚಳವೆಲ್ಲ ನಮಗೆ ಬೇಕಾದ ತುದಿಗೇ ಹೋಗುವುದಿಲ್ಲ; ಅತ್ತ ಮೂರು, ಇತ್ತ ಮೂರು. ಅತ್ತಲಿನ ಮೂರು ಇಂಚು ಗಾಜು ದಾಟಿ ಬಾಗಿಲ ಪಕ್ಕದ ಕಂಬಕ್ಕೆ ಬಡಿಯುತ್ತದೆ, ಇತ್ತಲಿನ ಮೂರು ನೆರೆಯವನ ಕಾಲಿಗೆ ತೊಡರುತ್ತದೆ. ಅಪ್ಪನಿಗೆ ಚಿತ್ರ ತೋರಿಸಿದೆ. ಅವನು ಅದನ್ನು ಬಹಳ ಹೊತ್ತು ನೋಡಿ, "ಹದಿನೆಂಟು ಹಾಕಿ ನೋಡು" ಎಂದ. ಹಿಂದೆ ಸರಿಯುವಾಗಲೂ ಒಂದೇ ಗೇರು ಇಳಿಸುವುದು ಅವನ ಅಭ್ಯಾಸ.

ಅಂಗಡಿಯವರು ಒಂದು ಇಪ್ಪತ್ತೆರಡನ್ನು ವಾಪಸ್ ತೆಗೆದುಕೊಂಡು ಹದಿನೆಂಟನ್ನು ಕೊಟ್ಟರು. "ಹದಿನಾರನ್ನೂ ಇಟ್ಕಂಡಿರಿ" ಎಂದು ಅದನ್ನೂ ಚೀಲಕ್ಕೆ ಹಾಕಿದರು. ಹದಿನೆಂಟು ಯಾರಿಗೂ ತೊಡರಲಿಲ್ಲ. ಆದರೆ ಗಾಜು ಅಂಚಿಗೆ ಹೋದಂತೆ ಬಾಗಿರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಉದ್ದ ಹೆಚ್ಚಾದ ಪಟ್ಟಿಯ ತುದಿ ಅಂಚಿನಲ್ಲಿ ಊರಿಕೊಂಡು ನಡುಭಾಗ ಗಾಜನ್ನು ಬಿಟ್ಟು ಮೇಲೇಳುತ್ತಿತ್ತು. ಅಪ್ಪನ ಕಣ್ಣಿನ ನೇರಕ್ಕೆ ಎರಡು ಬೆರಳು ಅಗಲದ ನೀರಿನ ಪಟ್ಟೆ ಉಳಿಯಿತು. ಜೊತೆಗೆ ಪ್ರತಿ ಸಲವೂ ಕಂಬಕ್ಕೆ 'ಟಕ್' ಎಂಬ ಸದ್ದು. ನಿಮಿಷಕ್ಕೆ ನಲವತ್ತೆರಡು ಟಕ್. ಇದನ್ನು ಎಣಿಸಿದ್ದು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಉಳಿದದ್ದು ಹದಿನಾರು. ಅದನ್ನು ಹಾಕುವ ಮೊದಲು ನಾನು ಒಂದು ಪ್ರಯೋಗ ಮಾಡಿದೆ. ಅದರ ಬಗ್ಗೆ ಅಮ್ಮನಿಗೆ ಇನ್ನೂ ಸಿಟ್ಟಿದೆ. ಗಾಜಿನ ಒಳಮೈಗೆ ಸ್ಕೆಚ್ ಪೆನ್ನಿನಿಂದ ಒಂದೊಂದು ಇಂಚಿನ ಚೌಕ ಬರೆದೆ. ಹೊರಮೈಗೆ ಅಕ್ಕಿಹಿಟ್ಟನ್ನು ನೀರಲ್ಲಿ ಕದಡಿ ತೆಳ್ಳಗೆ ಬಳಿದೆ. ಒಮ್ಮೆ ಹದಿನೆಂಟು, ಒಮ್ಮೆ ಹದಿನಾರು ಹಾಕಿ ಒಂದೊಂದೇ ಸಲ ಆಡಿಸಿ, ಒಳಗೆ ಕೂತು ಶುಭ್ರವಾದ ಚೌಕಗಳನ್ನು ಎಣಿಸಿದೆ. ಪಕ್ಕದ ಮನೆಯ ನಾಲ್ಕು ಕೋಳಿಗಳು ಬಾನೆಟ್ಟಿನ ಮೇಲೆ ಹತ್ತಿ ಹಿಟ್ಟು ಕುಕ್ಕುತ್ತ ಎದುರಿನಿಂದ ನನ್ನನ್ನು ನೋಡುತ್ತಿದ್ದವು. "ನಾಳೆ ರೊಟ್ಟಿ ಬೇಕಂದ್ರೆ ಕಾರು ನೆಕ್ಕು" ಎಂದಳು ಅಮ್ಮ. ಆದರೆ ಫಲಿತಾಂಶ ಅದ್ಭುತವಾಗಿತ್ತು: ಉದ್ದದ ಹದಿನೆಂಟಕ್ಕಿಂತ ಗಿಡ್ಡನೆಯ ಹದಿನಾರು ಇಪ್ಪತ್ತೊಂದು ಚೌಕ ಹೆಚ್ಚು ಒರೆಸಿತ್ತು. ಸಣ್ಣದು ತನ್ನ ಮೈಯುದ್ದಕ್ಕೂ ಗಾಜಿಗೆ ಒತ್ತಿಕೊಂಡಿತ್ತು. ದೊಡ್ಡದು ಅರ್ಧ ಗಾಳಿಯಲ್ಲಿತ್ತು. ಗೆಳತಿಯ ಮದುವೆಗೆ ಒಂದೇ ಪುಟ ಯಾಕೆ ಎಂದು ಈಗ ಅರ್ಥವಾಗಿರಬೇಕು.

ಒಂದೇ ತೊಂದರೆ. ಯಾವ ಅಳತೆ ಹಾಕಿದರೂ ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದು ತ್ರಿಕೋನ ಹಿಟ್ಟು ಹಾಗೇ ಉಳಿಯುತ್ತಿತ್ತು. ಅಪ್ಪ ಎತ್ತರದ ಆಳು. ಎಡಗಡೆ ಕೂತು ನೋಡಿದ.

"ಸಮಾ ನನ್ನ ಕಣ್ಣಿನ ಎತ್ತರಕ್ಕೇ ಬಿಟ್ಟಾರಲ್ಲ."

"ಸ್ವಲ್ಪ ಕುಗ್ಗಿ ಕೂತ್ಕೋ ಅಪ್ಪ."

"ಡ್ರೈವರ್ ಕುಗ್ಗಿ ಕೂತಿದ್ದು ಎಲ್ಲಾದ್ರೂ ನೋಡಿದ್ಯ?"

ನೀನು ಈಗ ಡ್ರೈವರ್ ಅಲ್ಲ ಎಂದು ಹೇಳುವ ಬದಲು ಹೊರಗಿಳಿದೆ. ಕೋಳಿಗಳನ್ನು ಓಡಿಸಿ ಗಾಜು ತೊಳೆದೆ.

ಆಮೇಲೆ ನನಗೆ ಸಮಾಧಾನ ಕೊಟ್ಟದ್ದು ಗ್ರಂಥಾಲಯ. ವೈಪರನ್ನು ಮೊದಲು ಯೋಚಿಸಿದವಳು ಒಬ್ಬ ಹೆಂಗಸು ಎಂದು ಒಂದು ಪುಸ್ತಕದಲ್ಲಿ ಓದಿದೆ. ನೂರು ವರ್ಷಕ್ಕೂ ಹಿಂದೆ, ದೂರದ ಒಂದು ದೊಡ್ಡ ನಗರದಲ್ಲಿ, ಹಿಮ ಸುರಿಯುವಾಗ ಅವಳು ಟ್ರಾಮಿನಲ್ಲಿ ಹೋಗುತ್ತಿದ್ದಳಂತೆ. ಗಾಜಿನಾಚೆ ಏನೂ ಕಾಣದೆ ಚಾಲಕ ಒದ್ದಾಡುವುದನ್ನು ನೋಡಿ, ಒಳಗಿನಿಂದಲೇ ಹಿಡಿ ತಿರುಗಿಸಿ ಗಾಜು ಒರೆಸುವ ಒಂದು ಕೈಯನ್ನು ರೂಪಿಸಿದಳಂತೆ. ನನಗೆ ಬಹಳ ಹಿಡಿಸಿದ್ದು ಇಷ್ಟು: ಅದು ಹೊಳೆದದ್ದು ಓಡಿಸುವವನಿಗಲ್ಲ, ಸುಮ್ಮನೆ ಕೂತು ಪ್ರಯಾಣ ಮಾಡುತ್ತಿದ್ದವಳಿಗೆ. ಅವಳು ತನಗೆ ರಸ್ತೆ ಕಾಣಲಿ ಎಂದು ಯೋಚಿಸಲೇ ಇಲ್ಲ, ಅವನಿಗೆ ಕಾಣಲಿ ಎಂದಳು. ಬಲಗಡೆಗೆ ಇಪ್ಪತ್ತೆರಡು, ಎಡಗಡೆಗೆ ಹದಿನಾರು ಎಂಬ ತಾರತಮ್ಯ ಅಲ್ಲಿಂದಲೇ ಶುರುವಾಗಿರಬೇಕು. ಅಪ್ಪನಿಗೆ ಈ ಕತೆ ಹೇಳಿದೆ. "ಆ ಹೆಂಗಸಿಗೆ ತಲೆ ಸುತ್ತಿರ್ಲಿಲ್ಲ, ಅದ್ಕೆ" ಎಂದ.

ವೈಪರ್ ಮಾಡುವವರ ಮೇಲೆ ನನಗೂ ಒಂದು ದೂರಿದೆ. ಅವರು ಮಳೆಗೆ ಮೂರೇ ವೇಗ ಇಟ್ಟಿದ್ದಾರೆ: ಆಗಾಗ, ಮೆಲ್ಲಗೆ, ಜೋರು. ನಮ್ಮಲ್ಲಿ ಆರಿದ್ರಾ ಸುರಿದಂತೆ ಪುನರ್ವಸು ಸುರಿಯುವುದಿಲ್ಲ, ಪುನರ್ವಸುವಿನಂತೆ ಪುಷ್ಯ ಅಲ್ಲ. ಬಟ್ಟೆಮಲ್ಲಪ್ಪದಲ್ಲಿ ಹನಿ, ಎರಡು ತಿರುವು ದಾಟಿದರೆ ಕೊಡದಲ್ಲಿ ಎತ್ತಿ ಹೊಯ್ದಂತೆ, ಮುಂದಿನ ಏರಿನಲ್ಲಿ ಮಳೆಯೇ ಇಲ್ಲ, ಮೋಡವೇ ರಸ್ತೆಗೆ ಇಳಿದು ನಿಂತಿರುತ್ತದೆ. ಅಪ್ಪನ ಕಾಲದ ಬಸ್ಸಿನಲ್ಲಿ ವೈಪರ್ ಸೋತಾಗ ಬೀಡಿಯ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಗಾಜಿಗೆ ಉಜ್ಜುತ್ತಿದ್ದರಂತೆ, ನೀರು ನಿಲ್ಲದೆ ಜಾರಲಿ ಎಂದು. ಅದನ್ನೂ ನಮ್ಮ ಕಾರಿಗೆ ಮಾಡಿ ನೋಡಿದೆವು. ರಸ್ತೆ ಕಂಡಿತೋ ಇಲ್ಲವೋ, ಒಳಗೆ ಕೂತವರಿಬ್ಬರಿಗೂ ಸೀನು ಬಂತು.

ಅಷ್ಟರಲ್ಲಿ ಗುರುವಾರ ಬಂದು ಚೌಡಪ್ಪ ಮಾವನ ಫೋನೂ ಬಂತು. ಕಳಲೆಯನ್ನು ಹೆಚ್ಚಿದ ತಕ್ಷಣ ತಿನ್ನುವಂತಿಲ್ಲ; ಮೂರು ದಿನ ನೀರಲ್ಲಿ ಹಾಕಿ, ದಿನವೂ ನೀರು ಬದಲಿಸಬೇಕು. ಅದರಿಂದಾಗಿ ಭಾನುವಾರದ ಊಟದ ತೀರ್ಮಾನ ಗುರುವಾರವೇ ಆಗಬೇಕು.

"ಕಳಲೆ ನೀರಿಗೆ ಹಾಕ್ಸ್ಲ ಬೇಡ್ವ ಡ್ರೈವ್ರೇ?" ಎಂದರು ಮಾವ. ಇಬ್ಬರೂ ಈಗಲೂ ಒಬ್ಬರನ್ನೊಬ್ಬರು ಹುದ್ದೆ ಹಿಡಿದೇ ಕರೆಯುವುದು.

ಅಪ್ಪ ಕಿಟಕಿಯಿಂದ ಕಾರನ್ನು ನೋಡಿದ, ನನ್ನನ್ನು ನೋಡಿದ. "ಹಾಕ್ಸಿ ಕಂಡಕ್ಟ್ರೇ. ನಾ ಬರೋದು ದಾರಿ ಮೇಲೆ ಗೊತ್ತಾಗುತ್ತೆ."

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಹೊರಟೆವು. ಮಳೆ ಬಿಡುವು ಕೊಟ್ಟಿರಲಿಲ್ಲ. "ಬಟ್ಟೆಮಲ್ಲಪ್ಪದವರೆಗೆ ಬರ್ತೀನಿ, ಅಲ್ಲಿಂದ ವಾಪಸ್ ಬಸ್ಸಿದೆ" ಎಂದ ಅಪ್ಪ. ಬಸ್ಸಿನವರು ಊರೂರಿಗೆ ಟಿಕೆಟ್ ಹರಿಯುವ ಹಾಗೆ ಅವನು ತನ್ನ ಧೈರ್ಯವನ್ನು ಊರೂರಿಗೆ ಹರಿದು ಕೊಡುತ್ತಿದ್ದ. ಇಪ್ಪತ್ತೆರಡು ಇಂಚು ನನ್ನ ಮುಂದಿನ ನೀರನ್ನು ಒಂದೇ ಬೀಸಿಗೆ ತೆಗೆಯುತ್ತಿತ್ತು. ಹದಿನಾರು ಇಂಚೂ ತನ್ನ ಪಾಲಿನದನ್ನು ಚೊಕ್ಕವಾಗಿ ಒರೆಸುತ್ತಿತ್ತು. ಅಪ್ಪ ಮಾತ್ರ ಒರೆಸದ ಆ ತ್ರಿಕೋನವನ್ನೇ ದಿಟ್ಟಿಸುತ್ತ, ಕಾಲಲ್ಲಿ ಚಾಪೆ ಒತ್ತುತ್ತ, ಮೂಗಿಗೆ ನಿಂಬೆಹಣ್ಣು ಹಿಡಿದು ಕೂತಿದ್ದ.

"ಗೇರು."

"ಹಾಕಿದೀನಿ ಅಪ್ಪ."

"ಈಗ ಬಲಕ್ಕೆ ಬರುತ್ತೆ."

"ಕಾಣ್ತಾ ಇದೆ ಅಪ್ಪ."

"ನಂಗೆ ಕಾಣ್ತಾ ಇಲ್ವಲ್ಲ."

ಬಟ್ಟೆಮಲ್ಲಪ್ಪದಲ್ಲಿ ಐದು ನಿಮಿಷ ನಿಲ್ಲಿಸಿದೆ. ಹೊಸನಗರದವರೆಗೆ ಎಂದ. ಹೊಸನಗರದಲ್ಲಿ ಮುಖ ಬಿಳಚಿಕೊಂಡಿತ್ತು. ಟೀ ತರಿಸಿದರೆ ಮುಟ್ಟಲಿಲ್ಲ. ತಿರುಗಿ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದರ ಚಾಲಕ ಗೇರು ಹಾಕಿದ ಸದ್ದು ಕೇಳಿ ಅಪ್ಪ ಕಣ್ಣು ಮುಚ್ಚಿಕೊಂಡ. "ಕಳಲೆ ಮೂರು ದಿನದಿಂದ ನೀರಲ್ಲಿದೆ" ಎಂದು ತನಗೆ ತಾನೇ ಹೇಳಿಕೊಂಡು ಕಾರು ಹತ್ತಿದ. ಕೋಣಂದೂರಿನ ಹತ್ತಿರ ಎರಡು ಸಲ ಇಳಿದ. ತೀರ್ಥಹಳ್ಳಿ ಮುಟ್ಟುವಾಗ ನಿಂಬೆಹಣ್ಣು ಹಿಂಡಿ ಹಿಪ್ಪೆಯಾಗಿತ್ತು. ಆ ಹೊತ್ತಿಗೆ ನನ್ನ ಇಪ್ಪತ್ತೊಂದು ಚೌಕಗಳ ಹೆಮ್ಮೆಯೂ ಅಷ್ಟೇ ಆಗಿತ್ತು.

ಚೌಡಪ್ಪ ಮಾವ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಪ್ಪ ಮುಖ ತೊಳೆದು ಚಾಪೆಯ ಮೇಲೆ ಅಡ್ಡಾದ.

"ಎಂಥ ಆಯ್ತೆ ಪುಟ್ಟಿ ನಮ್ಮ ಡ್ರೈವ್ರಿಗೆ?" ಎಂದರು ಮಾವ.

ನಾನು ದಿನಚರಿ ತೆಗೆದು ಕೊಕ್ಕೆಯ ಚಿತ್ರ, ಚೌಕದ ಚಿತ್ರ, ತ್ರಿಕೋನದ ಚಿತ್ರ ಎಲ್ಲ ತೋರಿಸಿದೆ. ನಮ್ಮ ಬಸ್ಸಿನಲ್ಲಿ ಎರಡೂ ಕಡೆ ಒಂದೇ ಉದ್ದದ ವೈಪರ್ ಇತ್ತೆಂದು ಅಪ್ಪ ವಾದಿಸಿದ್ದನ್ನೂ ಹೇಳಿದೆ. ಮಾವ ಮಂಡಿ ಹಿಡಿದುಕೊಂಡು ನಕ್ಕರು.

"ಎರಡೂ ಕಡೆ ಇದ್ದಿದ್ದು ಹೌದು. ಎಡಗಡೇದಕ್ಕೆ ರಬ್ಬರ್ ಯಾವತ್ತಿತ್ತು ಡ್ರೈವ್ರೇ? ಬರೀ ಕಡ್ಡಿ. ಅದೂ ಅಲ್ಲಾಡ್ತಿರ್ಲಿಲ್ಲ."

ಅಪ್ಪ ಮಲಗಿದಲ್ಲೇ ಯೋಚಿಸಿದ. "ಹೌದಲ್ಲ" ಎಂದ.

"ಮತ್ತೆ ಮಳೇಲಿ ಎಡಗಡೆ ನಿಮಗೆ ಎಂಥ ಕಾಣ್ತಿತ್ತು?"

"ಎಂಥದೂ ಕಾಣ್ತಿರ್ಲಿಲ್ಲ."

"ಹಂಗಾರೆ ಹೆಂಗೆ ಹೊಡೀತಿದ್ರಿ?"

"ನೀವು ರೈಟ್ ಅಂತಿದ್ರಿ. ನಾ ಹೋಗ್ತಿದ್ದೆ."

ಒಳಗೆ ಒಗ್ಗರಣೆಯ ಸದ್ದಾಯಿತು. ಆಮೇಲೆ ಮಾವ, "ನಂಗೂ ಮೊದ್ಲು ಮೂರು ತಿಂಗ್ಳು ತಲೆ ಸುತ್ತಿತ್ತು, ನಿಮಗೆ ಹೇಳಿರ್ಲಿಲ್ಲ. ಬಾಗಿಲಲ್ಲಿ ನಿಂತು ಎಡಗಡೆ ನೋಡ್ಕಂಡು ಕೂಗೋಕೆ ಶುರು ಮಾಡಿದ್ಮೇಲೆ ನಿಂತೋಯ್ತು. ಎಡಗಡೆ ಕೂತ್ಕಂಡು ಬಲಗಡೆ ಕೆಲ್ಸ ಮಾಡಿದ್ರೆ ತಲೆ ಸುತ್ತದೆ ಇನ್ನೆಂಥ ಆಗುತ್ತೆ?" ಎಂದರು.

ಅಪ್ಪ ಎದ್ದು ಕೂತು ಕಡುಬು ತಿಂದ. ಏಳು. ನಾನು ಎಣಿಸಿದ್ದನ್ನು ನೋಡಿ ಮಾವನ ಹೆಂಡತಿ ಎಂಟನೆಯದನ್ನೂ ಹಾಕಿದರು. ಕಳಲೆ ಪಲ್ಯದ ಬಗ್ಗೆ ಬರೆಯಲು ನನಗೆ ಯಾವ ಅಳತೆಯೂ ಸಿಗಲಿಲ್ಲ.

ತಿರುಗಿ ಹೊರಟಾಗ ಮೂರು ಗಂಟೆ. ಮಳೆ ಬೆಳಗಿಗಿಂತ ಜೋರಾಗಿತ್ತು. ಅಪ್ಪ ನಿಂಬೆಹಣ್ಣು ಕೇಳಲಿಲ್ಲ. ಗಾಜು ಒಳಗಿನಿಂದ ಮಂಜಾದಾಗ ಬಟ್ಟೆ ತೆಗೆದು ಎಡದಿಂದ ಬಲದವರೆಗೆ ಒರೆಸಿದ. ನನ್ನ ಮುಂದೆ ಹೆಚ್ಚು, ತನ್ನ ಮುಂದೆ ಕಡಿಮೆ. ಕೋಣಂದೂರು ದಾಟಿ ಸ್ವಲ್ಪ ದೂರಕ್ಕೆ ಒಂದು ಕಿರಿದಾದ ಮೋರಿ. ಎದುರಿಗೆ ಲಾರಿ ಬಂದು ನಿಂತಿತ್ತು. ಎಡಗಡೆಯ ಮಣ್ಣು ಕುಸಿದು ಕೆಂಪು ನೀರು ಹರಿಯುತ್ತಿತ್ತು. ಇಪ್ಪತ್ತೆರಡು ಇಂಚು ಎಷ್ಟೇ ಬೀಸಿದರೂ ನನ್ನ ಎಡಗಡೆ ಚಕ್ರದ ಕೆಳಗೆ ನೆಲ ಎಷ್ಟಿದೆ ಎಂದು ನನಗೆ ತೋರಿಸಲಾರದು. ನಾನು ಕಾರು ನಿಲ್ಲಿಸಿದೆ.

ಅಪ್ಪ ಕಿಟಕಿಯ ಗಾಜು ಪೂರ್ತಿ ಇಳಿಸಿದ. ತಲೆ, ಭುಜ, ಬಲಗಣ್ಣು ಎಲ್ಲವನ್ನೂ ಮಳೆಗೆ ಕೊಟ್ಟು ಕೆಳಗೆ ಬಗ್ಗಿ ನೋಡಿದ. ನನ್ನ ಕಡೆ ತಿರುಗಲಿಲ್ಲ. ಬಾಗಿಲಿನ ಹೊರಗಿನಿಂದ ಅಂಗೈಯಲ್ಲಿ ಎರಡು ಸಲ ತಟ್ಟಿದ.

"ಬರ್ಲಿ. ಬರ್ಲಿ. ಒಂದು ಗೇಣು ಬಲಕ್ಕೆ. ಹಾಂ, ರೈಟ್, ಹೋಗ್ಲಿ."

ನನಗೆ ಎಡಗಡೆ ಏನೂ ಕಾಣುತ್ತಿರಲಿಲ್ಲ. ನಾನು ಹೋದೆ.

ಅಲ್ಲಿಂದ ಸಾಗರದವರೆಗೆ ಅವನು ಕಿಟಕಿ ಏರಿಸಲಿಲ್ಲ. ಎಡಗಡೆ ಸೈಕಲ್ ಇದೆ, ಎಡಗಡೆ ಹೊಂಡ, ಎಡಗಡೆ ಎಮ್ಮೆ, ಅದು ಅಡ್ಡ ಬರಲ್ಲ ಹೋಗು ಎನ್ನುತ್ತಲೇ ಬಂದ. ಗೇರಿನ ಸುದ್ದಿಗೆ ಒಮ್ಮೆಯೂ ಬರಲಿಲ್ಲ. ನಮ್ಮ ಅಂಗಳದಲ್ಲಿ ಕಾರು ನಿಂತಾಗ ಅವನ ಅಂಗಿ ನಡುವೆ ಗಡಿ ಎಳೆದ ಮ್ಯಾಪಿನಂತೆ ಅರ್ಧ ನೆನೆದಿತ್ತು. ಕಿಟಕಿಯ ಕಡೆಯದು ಪೂರ್ತಿ ಒದ್ದೆ, ನನ್ನ ಕಡೆಯದು ಒಣ. ಅಮ್ಮ ಟವೆಲ್ ಹಿಡಿದು ಬಂದಳು.

"ತಲೆ ಸುತ್ತಿತ್ತ ದಾರೀಲಿ?" ಎಂದು ಕೇಳಿದಳು.

ಅಪ್ಪ ಅವಳನ್ನು ವಿಚಿತ್ರವಾಗಿ ನೋಡಿದ.

"ಡ್ಯೂಟೀಲಿ ಇರೋನಿಗೆ ಎಂಥ ತಲೆಸುತ್ತು ಮಾರಾಯ್ತಿ" ಎಂದು ಟವೆಲ್ ತೆಗೆದುಕೊಂಡ.